ಹಾಳು ಬಾವಿಯ ಪಾಠ

‘ಹಗ್ಗ ಐತಿ ಅದು, ಹಾವಲ್ಲ! ಗಟ್ಟಿ ಹಿಡೀಲೇ ಮಾದಗಿತ್ತಿ! ಹಂಗ್ಯಾಕ ನಡುಗತೀಯಲೇ, ನಿನ್ನ ಮಿಂಡ ಬಂದು ನಿಂತಾನೇನು ಎದುರಿಗೆ?’

ಹೀಗೆ ಬೈದವನು ನಮ್ಮೂರ ಮುನಸೀಬ ಚಂದ್ರಣ್ಣ. ಊರ ಪಟೇಲಿಕೆ ಅವನದು, ನಮ್ಮ ಧಣಿಯೂ ಅವನೇ. ಬೇವಿನ ನೆರಳಿಗೆ ಮಂಚ ಹಾಕಿಸಿಕೊಂಡು ಎಲೆಯಡಿಕೆ ಮೆಲ್ಲುತ್ತ ಕೂತಿದ್ದ. ನಾನು ಶಾಲೆಯ ಹಿಂದಿನ ಹಾಳು ಬಾವಿಯ ಕಟ್ಟೆಯ ಮೇಲೆ ನಿಂತಿದ್ದೆ. ಕೈಯಲ್ಲಿ ಪುಂಡಿನಾರಿನ ಹೊಸ ಹಗ್ಗ, ಹಗ್ಗದ ತುದಿಗೆ ಹಿತ್ತಾಳೆ ಕೊಡ. ಕೊಡ ಕೆಳಗಿಳಿದಾಗಲೆಲ್ಲ ನೀರಿಲ್ಲದ ಆ ಬಾವಿಯ ತಳದಲ್ಲಿ ನಿಂತಿದ್ದ ನನ್ನ ಗಂಡ ಸುಂಕಣ್ಣ ಬೊಗಸೆ ಬೊಗಸೆ ಮರಳು ಎತ್ತಿ ಅದಕ್ಕೆ ತುಂಬುತ್ತಿದ್ದ. ನೀರಿನ ಭಾರ ನನ್ನ ಕೈಗೆ ರೂಢಿಯಾಗಲಿ ಎಂದು ಹಾಗೆ. ಬೆಳಗಿನಿಂದ ಹನ್ನೆರಡು ಕೊಡ ಮರಳು ಎಳೆದಿದ್ದೆ. ಅಂಗೈ ಚರ್ಮ ಕಿತ್ತುಹೋಗಿತ್ತು.

ನನ್ನ ಹೆಸರು ಗಿಡ್ಡಮ್ಮ. ಹೆಸರಷ್ಟೇ ಗಿಡ್ಡ, ಆಳು ಮಾತ್ರ ನಮ್ಮ ಗುಡಿಸಲ ಬಾಗಿಲಿಗೆ ದಿನಾ ತಲೆ ಬಡಿಸಿಕೊಳ್ಳುವಷ್ಟು ಉದ್ದ. ಧಣಿಯ ಎದುರಿಗೆ ನಿಂತಾಗ ಮಾತ್ರ ಹೆಸರೇ ಸರಿ ಅನಿಸುತ್ತಿತ್ತು.

ಬುದ್ಧಿ ಬಂದಾಗಿನಿಂದ ನೀರು ಹೊತ್ತವಳಿಗೆ ನೀರು ಸೇದುವುದನ್ನು ಏಕೆ ಕಲಿಸಬೇಕು ಎಂದು ಯಾರಾದರೂ ಕೇಳಬಹುದು. ನಮ್ಮ ಕೇರಿಯವರು ಸೇದುವವರಲ್ಲ, ಬಗೆಯುವವರು. ಹಳ್ಳದ ಮರಳು ಬಗೆದು ಗುಣಿ ಮಾಡಿ, ಒರತೆ ಊರುವವರೆಗೆ ಕುಕ್ಕರುಗಾಲಿನಲ್ಲಿ ಕಾದು, ತೆಂಗಿನ ಚಿಪ್ಪಿನಿಂದ ಒಂದೊಂದೇ ಚಿಪ್ಪು ಮಡಕೆಗೆ ತುಂಬಿಕೊಳ್ಳುತ್ತೇವೆ. ಅದೂ ಸವಳು ನೀರು. ಊರ ಸಿಹಿನೀರ ಬಾವಿಯ ಗಡಗಡೆಯ ಸದ್ದು ಕೇಳಿದ್ದೆನೇ ಹೊರತು ಒಳಗೆ ಹೇಗಿದೆ ಎಂದು ನೋಡಿರಲಿಲ್ಲ.

ನಮ್ಮ ಸೀಮೆ ಬಳ್ಳಾರಿ ಜಿಲ್ಲೆ ಬಿಟ್ಟು ಕರ್ನೂಲಿಗೆ ಸೇರಿ ಆಗ ಎರಡು ವರ್ಷವಾಗಿತ್ತು. ಚಾವಡಿಯ ಕಾಗದಗಳೆಲ್ಲ ತೆಲುಗಿಗೆ ತಿರುಗಿದ ಮೇಲೆ ನಮಗೆ ಅದು ಗೊತ್ತಾಯಿತು. ಆ ಬೇಸಿಗೆಯಲ್ಲಿ ದಿಲ್ಲಿಯವರು ಹೊಸ ಕಾನೂನು ತಂದಿದ್ದರಂತೆ. ಬಾವಿ, ಬೀದಿ, ಗುಡಿ, ಚಹದ ಅಂಗಡಿ ಎಲ್ಲರಿಗೂ ಒಂದೇ, ಅಡ್ಡ ಬಂದವನಿಗೆ ಆರು ತಿಂಗಳು ಜೈಲು. ಇದನ್ನು ಕಲಿಸಲೆಂದು ಊರೂರಿನ ಮುನಸೀಬರನ್ನೂ ಮೇಷ್ಟ್ರುಗಳನ್ನೂ ಆದವಾನಿಗೆ ಕರೆಸಿ ಮೂರು ದಿನ ಶಿಕ್ಷಣ ಕೊಟ್ಟರು. ನಮ್ಮೂರಿಂದ ಚಂದ್ರಣ್ಣನೂ ಗುರುಪಾದಯ್ಯ ಮೇಷ್ಟ್ರೂ ಹೋಗಿ, ಒಂದೊಂದು ಪುಸ್ತಕ, ಎದೆಗೆ ಚುಚ್ಚಿಕೊಳ್ಳುವ ಒಂದೊಂದು ರಿಬ್ಬನ್ನು ತೆಗೆದುಕೊಂಡು ಬಂದರು. ಕಾನೂನು ನಮಗೆ, ಶಿಕ್ಷಣ ಅವರಿಗೆ. ಆ ಮೂರು ದಿನದಲ್ಲಿ ಚಂದ್ರಣ್ಣನಿಗೆ ಒಂದು ಸಂಗತಿ ಮಾತ್ರ ಚೆನ್ನಾಗಿ ತಲೆಗೆ ಹತ್ತಿತ್ತು. ಸೋಮವಾರ ಆಫೀಸರು ಬಂದು, ಕೇರಿಯ ಹೆಣ್ಣುಮಗಳೊಬ್ಬಳು ಊರ ಬಾವಿಯಲ್ಲಿ ನೀರು ಸೇದುವುದನ್ನು ಕಣ್ಣಾರೆ ನೋಡುತ್ತಾನೆ.

ಧಣಿಯ ಕೊಟ್ಟಿಗೆಯ ಸೆಗಣಿ ಬಾಚುವವಳು ನಾನು. ಕರೆದರೆ ಬರುತ್ತೇನೆ, ಬೈದರೆ ಸುಮ್ಮನಿರುತ್ತೇನೆ. ಹಾಗಾಗಿ ಆ ಹೆಣ್ಣುಮಗಳು ನಾನೇ ಆದೆ. ಕಲಿಯುವಾಗಲೇ ಊರ ಬಾವಿಗೆ ಹತ್ತಿಸಿದರೆ ಸೋಮವಾರಕ್ಕೆ ಮೊದಲೇ ಮೈಲಿಗೆ ಆಗುತ್ತದಲ್ಲ, ಅದಕ್ಕೆ ಹಾಳು ಬಾವಿಯಲ್ಲಿ ಪಾಠ.

‘ಮೇಷ್ಟ್ರ, ಪ್ರಶ್ನಿ ಕೇಳ್ರಿ ಇನ್ನೊಮ್ಮೆ,’ ಎಂದ ಚಂದ್ರಣ್ಣ.

ಗುರುಪಾದಯ್ಯ ಮೇಷ್ಟ್ರು ನನ್ನ ಮುಖ ನೋಡದೆ ಪುಸ್ತಕ ನೋಡಿಕೊಂಡು ಕೇಳಿದರು.

‘ನೀರು ಎಲ್ಲಿ ತರತಿ?’

‘ಊರ ಬಾವ್ಯಾಗ, ಸ್ವಾಮಿ.’

‘ಯಾವಾಗಿಂದ?’

‘ಯಾವಾಗಲೂ ಸ್ವಾಮಿ. ದಿನಾ ಇಲ್ಲೇ ಸೇದತೀನಿ.’

‘ಯಾರಾರ ಅಡ್ಡ ಬರತಾರೇನು?’

‘ಯಾರೂ ಇಲ್ಲ ಸ್ವಾಮಿ. ಎಲ್ಲಾರೂ ಅಣ್ಣತಮ್ಮರಂಗ ಅದೀವಿ.’

ಬಾವಿಯೊಳಗೆ ಸುಂಕಣ್ಣ ಕೆಮ್ಮಿದ. ಕೆಮ್ಮೋ ನಗೆಯೋ ನನಗೂ ತಿಳಿಯಲಿಲ್ಲ. ಚಂದ್ರಣ್ಣ ಮಂಚದಿಂದ ಎದ್ದು ಬಂದು, ಮುಷ್ಟಿ ಗಾತ್ರದ ಕಲ್ಲೊಂದನ್ನು ಎತ್ತಿ ಬಾವಿಯೊಳಕ್ಕೆ ಒಗೆದ.

‘ಏನಲೇ ಕೆಮ್ಮು, ಸೂಳಿಮಗನ? ಮರಳು ತುಂಬಲೇ.’

ಕೆಮ್ಮು ನಿಂತಿತು. ಸ್ವಲ್ಪ ಹೊತ್ತಿಗೆ ಹಗ್ಗ ಅಲುಗಾಡಿತು, ಕೊಡ ತುಂಬಿದೆ ಎಂಬ ಗುರುತು ಅದು. ನಾನು ಎಳೆದೆ. ಮರಳಿನ ಮೇಲೆ ಎರಡು ಹನಿ ರಕ್ತ ಬಿದ್ದಿತ್ತು.

‘ಗಿಡ್ಡಿ, ಇಲ್ಲಿ ಕೇಳು,’ ಎಂದ ಚಂದ್ರಣ್ಣ. ಈ ಸಲ ಮೆಲ್ಲಗೆ ಹೇಳಿದ. ಅವನು ಮೆಲ್ಲಗೆ ಮಾತಾಡಿದರೆ ನನಗೆ ಇನ್ನೂ ಹೆದರಿಕೆ. ‘ನೀವು ಹಳ್ಳಕ್ಕ ಹೋಗೋ ದಾರಿ ನನ್ನ ಹೊಲದಾಗ ಐತಿ, ನೆಪ್ಪಿಟ್ಟಕ. ಸೋಮವಾರ ಒಂದು ಮಾತು ಹೆಚ್ಚುಕಮ್ಮಿ ಆತೋ, ಜಾಲಿಮುಳ್ಳು ಬಡಿಸಿಬಿಡತೀನಿ. ಆಮ್ಯಾಲೆ ನಿಮ್ಮ ಕೇರಿ ಕೂಸುಕುನ್ನಿ ನಿಮ್ಮ ಉಚ್ಚಿ ಕುಡೀಲಿ.’

ಅವನು ಹೋದ ಮೇಲೆ ಮೇಷ್ಟ್ರು ಹಗ್ಗ ಸುತ್ತಿಡಲು ಹೇಳಿದರು. ನಾನು ಸುತ್ತುತ್ತ, ಹೇಗೋ ಧೈರ್ಯ ಮಾಡಿ ಕೇಳಿದೆ.

‘ಸ್ವಾಮಿ, ಆ ಪುಸ್ತಕದಾಗ ಖರೇನ ಬರದಾರನ್ರಿ, ನಾವು ಸೇದಬೌದು ಅಂತ?’

‘ಬರದಾರವ,’ ಎಂದರು. ರಿಬ್ಬನ್ನಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ‘ಪುಸ್ತಕ ಆದವಾನ್ಯಾಗ ಬರದದ್ದು, ಬಾವಿ ಇಲ್ಲೈತಿ. ಬಾಯಿ ತಪ್ಪಬ್ಯಾಡವ ಗಿಡ್ಡಮ್ಮ. ನನಗೂ ನಾಕು ಮಕ್ಕಳದಾವು.’

ಭಾನುವಾರ ಸುಂಕಣ್ಣ ಹಣೆಗೆ ಬಟ್ಟೆ ಕಟ್ಟಿಕೊಂಡೇ ಡಂಗುರ ಸಾರಲು ಹೋದ. ಊರ ಹಲಗೆ ಬಡಿಯುವವನೂ ಅವನೇ, ಎತ್ತು ಕಟ್ಟಿ ನೀರೆತ್ತುವ ಧಣಿಯ ಕಪಿಲೆಗೆ ತೊಗಲ ಬಾನಿ ಹೊಲಿಯುವವನೂ ಅವನೇ. ಬಾವಿ ಇರುವುದು ಮಠದ ಬೀದಿಯಲ್ಲಿ. ಆ ಬೀದಿಯ ಬಾಯಲ್ಲೊಂದು ನೆಟ್ಟ ಕಲ್ಲಿದೆ, ಕೇರಿಯವರು ಅದನ್ನು ದಾಟುವಂತಿಲ್ಲ. ಸುಂಕಣ್ಣ ಆ ಕಲ್ಲಿನ ಈಚೆಯೇ ನಿಂತು, ಹಲಗೆ ಬಡಿದು, ಇನ್ನು ಮೇಲೆ ಯಾರು ಬೇಕಾದರೂ ಯಾವ ಬೀದಿಯಲ್ಲಿ ಬೇಕಾದರೂ ತಿರುಗಬಹುದು ಎಂದು ಸರ್ಕಾರದ ಮಾತನ್ನು ಒಳಕ್ಕೆ ಕೂಗಿ ಹೇಳಿ ವಾಪಸು ಬಂದ. ಅದರಲ್ಲಿ ತಮಾಷೆ ಇದೆ ಎಂದು ನಮಗೆ ಯಾರಿಗೂ ಅನಿಸಲಿಲ್ಲ.

ಸಂಜೆ ಅಂಗಳಕ್ಕೆ ನಮ್ಮ ಕೇರಿಯ ಬಸವಕ್ಕ ಬಂದಳು. ಅವಳ ಎಡಗೈಯ ನಾಲ್ಕು ಬೆರಳೂ ಒಂದಕ್ಕೊಂದು ಅಂಟಿಕೊಂಡಿವೆ. ಹಿಂದೆ ಒಂದು ಬೇಸಿಗೆಯಲ್ಲಿ ಅವಳ ಕೂಸಿಗೆ ಜ್ವರ ಬಂದಿತ್ತು. ನಡುಮಧ್ಯಾಹ್ನ ಬೀದಿಯಲ್ಲಿ ಯಾರೂ ಇಲ್ಲದ್ದು ನೋಡಿ, ಬಾವಿ ಕಟ್ಟೆಯ ಮೇಲೆ ಯಾರೋ ತುಂಬಿಟ್ಟು ಹೋಗಿದ್ದ ಕೊಡದಿಂದ ಒಂದು ಚಿಪ್ಪು ನೀರು ತೆಗೆದಳು. ಹಲಗೆ ಕಾಯಿಸುವ ಬೆಂಕಿಯಲ್ಲಿ ಅವಳ ಕೈ ಹಿಡಿದರು. ಹಿಡಿದವರು ಯಾರು ಎಂದು ಅವಳು ಯಾರಿಗೂ ಹೇಳುವುದಿಲ್ಲ. ಆಗ ಚಂದ್ರಣ್ಣನ ಅಪ್ಪ ಮುನಸೀಬನಾಗಿದ್ದ ಎಂದಷ್ಟೇ ಹೇಳುತ್ತಾಳೆ. ಕೂಸು ಉಳಿಯಲಿಲ್ಲ.

‘ಎಷ್ಟು ಮಾರು ಆಳ ಐತಂತೇ ಅದು?’ ಎಂದು ನನ್ನನ್ನು ಕೇಳಿದಳು.

‘ಏಳು ಅಂತಾರ. ನಾ ಇನ್ನೂ ನೋಡಿಲ್ಲ.’

‘ನೋಡಿ ಬಂದು ಹೇಳು ನನಗ. ನೀರಿನ ಬಣ್ಣ ಹೆಂಗೈತಿ ನೋಡು.’

ನಮ್ಮತ್ತೆ ಉರುಕುಂದಮ್ಮ ಅವಳ ಮೇಲೆ ರೇಗಿದಳು. ‘ಬಣ್ಣ ಕಟಗೊಂಡು ಏನು ಮಾಡತೀಯೇ? ಏ ಗಿಡ್ಡಿ, ಹೇಳಿಕೊಟ್ಟಿದ್ದು ಹೇಳು, ತಗ್ಗಿದ ತಲಿ ಎತ್ತದಂಗ ಬಂದುಬಿಡು. ಆನಿ ಆನಿ ಗುದ್ದಾಡಿದರ ನಡುವಿನ ಗಿಡ ನುಗ್ಗಾಗತಾವು.’

ನನಗೆ ಹೆದರಿಕೆಯಾಗಿತ್ತು. ಅದನ್ನು ಮುಚ್ಚಿಟ್ಟು ಹೇಳುವುದರಲ್ಲಿ ಅರ್ಥವಿಲ್ಲ. ಕಣ್ಣು ಮುಚ್ಚಿದರೆ ಕೇರಿಯ ಮೂವತ್ತು ಮನೆಯ ಮಡಕೆಗಳು ಖಾಲಿಯಾಗಿ ನನ್ನ ಕಡೆಗೆ ಬಾಯಿ ತೆರೆದು ಕೂತಂತೆ ಕಾಣುತ್ತಿತ್ತು. ಬೆಳತನಕ ಮನಸ್ಸಿನಲ್ಲೇ ಪಾಠ ಒಪ್ಪಿಸಿದೆ. ದಿನಾ ಇಲ್ಲೇ ಸೇದತೀನಿ, ದಿನಾ ಇಲ್ಲೇ ಸೇದತೀನಿ.

ಸೋಮವಾರ ಚಂದ್ರಣ್ಣನ ಹೆಂಡತಿ ಕೊಟ್ರಮ್ಮ ತನ್ನ ಹಳೆ ಸೀರೆಯೊಂದನ್ನು ಬೀದಿಯ ಹೊರಗಿನ ಕೊಟ್ಟಿಗೆಯ ಬಾಗಿಲಿಂದ ನನ್ನ ಮಡಿಲಿಗೆ ಎಸೆದಳು. ಉಟ್ಟುಕೊಂಡು ನೆಟ್ಟ ಕಲ್ಲಿನ ಹತ್ತಿರ ಬಂದಾಗ ಕಾಲು ಅದಾಗಿಯೇ ನಿಂತುಬಿಟ್ಟಿತು. ಹಿಂದೆ ನಿಂತಿದ್ದ ತಳವಾರ ಜಂಬಯ್ಯ ಕೋಲಿನಿಂದ ಬೆನ್ನಿಗೆ ತಿವಿದ. ‘ಇವತ್ತೊಂದಿನ ದಾಟಲೇ.’ ಜೀವಮಾನದಲ್ಲಿ ಮೊದಲ ಸಲ ದಾಟಿದೆ.

ಬಾವಿಯ ಹತ್ತಿರ ಬಾಳೆಕಂದು ಕಟ್ಟಿದ್ದರು. ಮಠದ ಪಂಚಾಕ್ಷರಯ್ಯ ದೂರದಲ್ಲಿ ನಿಂತು, ಎದೆಯ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಚಂದ್ರಣ್ಣನ ಜತೆ ಮಾತಾಡುತ್ತಿದ್ದ. ನಾನು ಅಲ್ಲೇ ಇದ್ದೆ. ಆದರೂ ಅವನ ದನಿ ತಗ್ಗಲಿಲ್ಲ.

‘ಜೀಪು ಅತ್ತ ಹೋಗುತ್ಲೇ ನೂರಾ ಒಂದು ಕೊಡ ಎತ್ತಿ ಚೆಲ್ಲಬೇಕ್ರಿ. ಗೋಮೂತ್ರ ಬಿಡಬೇಕು. ಹಗ್ಗ ಸುಡಬೇಕು. ಕೊಡನ ಹುಣಸಿಹಣ್ಣಿಲೆ ತಿಕ್ಕಿದರ ನಡೀತೈತಿ.’

‘ನನ್ನ ಏನು ಮಾಡತಾರ’ ಎಂದು ಮನಸ್ಸು ಕೇಳಿಕೊಂಡಿತು.

ಆಫೀಸರು ಹುಡುಗುಮುಖದವನು, ದಪ್ಪ ಕನ್ನಡಕ, ಬೆವರುತ್ತಿದ್ದ. ಕರ್ನೂಲಿನವನು, ತೆಲುಗಿನಲ್ಲಿ ಮಾತಾಡಿದ. ತೆಲುಗು ನಮಗೆಲ್ಲ ಬರುತ್ತದೆ. ಗೋಡೆಗೆ ಒಂದು ಪಟ ತೂಗುಹಾಕಿಸಿ, ಅದರಲ್ಲಿ ಕೈಕೈ ಹಿಡಿದು ನಿಂತ ಜನರನ್ನು ಕಡ್ಡಿಯಿಂದ ತೋರಿಸುತ್ತ, ಮನುಷ್ಯರೆಲ್ಲ ಸಮ, ಇದು ಯಾರೂ ಕೊಡುವ ದಾನವಲ್ಲ, ಹುಟ್ಟಿನಿಂದ ಬಂದ ಹಕ್ಕು ಎಂದು ಹೇಳಿದ. ಚೆನ್ನಾಗಿಯೇ ಹೇಳಿದ, ಸುಳ್ಳೇಕೆ. ಪಟದಲ್ಲಿದ್ದವರೆಲ್ಲ ಕೆಂಪಗಿದ್ದರು, ನಮ್ಮ ಬಣ್ಣದವರು ಒಬ್ಬರೂ ಇರಲಿಲ್ಲ. ಭಾಷಣ ಮುಗಿದ ಮೇಲೆ ಚಂದ್ರಣ್ಣ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಆಮೇಲೆ ಆಫೀಸರು ನನ್ನ ಕಡೆ ತಿರುಗಿದ.

‘ಏಮಮ್ಮಾ, ರೋಜೂ ಇಕ್ಕಡೇನಾ ನೀಳ್ಳು?’ ದಿನಾ ಇಲ್ಲಿಯೇ ನೀರಾ ಎಂದು ಕೇಳಿದ.

‘ಹೌದು ಸ್ವಾಮಿ. ದಿನಾ ಇಲ್ಲೇ ಸೇದತೀನಿ.’

‘ಏದೀ, ಒಕ ಬಿಂದೆ ತೋಡು, ಚೂದ್ದಾಂ.’ ಒಂದು ಕೊಡ ಸೇದು, ನೋಡೋಣ ಎಂದ.

ಕಟ್ಟೆ ಹತ್ತಿದೆ. ಬಗ್ಗಿ ನೋಡಿದೆ. ಅಷ್ಟು ನೀರನ್ನು ಒಂದೇ ಕಡೆ ನಾನು ಅದುವರೆಗೆ ಕಂಡಿರಲಿಲ್ಲ. ಕೆಳಗೆ ಒಂದು ತುಂಡು ಆಕಾಶ, ಅದರ ನಡುವೆ ನನ್ನ ತಲೆ. ತಲೆ ಸುತ್ತಿತು. ಗಡಗಡೆಗೆ ಹಗ್ಗ ಏರಿಸಿ ಕೊಡ ಬಿಟ್ಟೆ, ಕಲಿಸಿದ ಹಾಗೆಯೇ ಒಂದೊಂದು ಕೈ ಬಿಡುತ್ತ ಹೋದೆ. ಕೆಳಗೆ ಟಪ್ ಎಂದಿತು. ಹಗ್ಗ ಸಡಿಲವಾಯಿತು.

ನಾನು ಕಾದು ನಿಂತೆ. ಹಾಳು ಬಾವಿಯಲ್ಲಿ ಕೊಡ ತಳ ಮುಟ್ಟಿದ ಮೇಲೆ ಹಗ್ಗ ಅಲುಗಾಡುವ ತನಕ ಕಾಯಬೇಕಿತ್ತು, ನಾನು ಕಲಿತದ್ದು ಅದನ್ನೇ. ಇಲ್ಲಿ ತುಂಬಿಕೊಡಲು ಸುಂಕಣ್ಣ ಇರಲಿಲ್ಲ.

ಸ್ವಲ್ಪ ಹೊತ್ತು ಕಾದು ಎಳೆದೆ. ಕೊಡ ಹಗುರವಾಗಿ ಮೇಲೆ ಬಂತು, ಹೊರಮೈ ಮಾತ್ರ ಒದ್ದೆಯಾಗಿತ್ತು. ಮತ್ತೆ ಬಿಟ್ಟೆ. ಬಗ್ಗಿ ನೋಡಿದರೆ ಕೊಡ ನೀರಿನ ಮೇಲೆ ನೆಟ್ಟಗೆ ತೇಲುತ್ತ ಮೆಲ್ಲಗೆ ಸುತ್ತುತ್ತಿತ್ತು. ಹಗ್ಗ ಎತ್ತಿದೆ, ಇಳಿಸಿದೆ. ಒಂದು ಹನಿ ಒಳಗೆ ಹೋಗಲಿಲ್ಲ. ಕೊಡ ತಾನಾಗಿ ಮುಳುಗುವುದಿಲ್ಲ, ಮುಳುಗಿಸಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಬೇಕೆಂದು ಅವರಿಗೆ ಹೊಳೆದೂ ಇರಲಿಲ್ಲ. ಚಿಕ್ಕಂದಿನಿಂದ ಸೇದಿದ ಜನ, ಅದೂ ಒಂದು ಕಲಿಯುವ ವಿದ್ಯೆ ಎಂಬುದೇ ಅವರಿಗೆ ಮರೆತುಹೋಗಿತ್ತು.

ಯಾವುದೋ ಕಿಟಕಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಚಂದ್ರಣ್ಣ ಹಲ್ಲು ಕಚ್ಚುತ್ತಿದ್ದುದು ನನಗೆ ಕಾಣುತ್ತಿತ್ತು. ಮೂರನೆಯ ಸಲ ಹಗ್ಗ ಬಿಟ್ಟೆ.

‘ಅಯ್ಯ, ಪಕ್ಕಕ್ಕ ಝಾಡಸೇ ಹಗ್ಗಾನ! ಝಾಡಸಿ ಸಡ್ಲ ಬಿಡು! ಕೊಡದ ಬಾಯಿ ಬಗ್ಗಲಿ!’

ಕೂಗಿದವಳು ಕೊಟ್ರಮ್ಮ. ತನ್ನ ಮನೆ ಮೆಟ್ಟಿಲ ಮೇಲೆ ನಿಂತಿದ್ದಳು, ಗಾಳಿಯಲ್ಲಿ ಅವಳ ಎರಡೂ ಕೈ ಹಗ್ಗ ಝಾಡಿಸುತ್ತಿದ್ದವು. ಕೆಟ್ಟದಾಗಿ ಸೇದುವುದನ್ನು ನೋಡಿ ಸುಮ್ಮನಿರಲು ಅವಳ ಕೈಗೆ ಆಗಲಿಲ್ಲ ಅಷ್ಟೆ. ಕೂಗಿದ ಮೇಲೆ ತಾನು ಏನು ಮಾಡಿದೆ ಎಂದು ತಿಳಿದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ನಾನು ಪಕ್ಕಕ್ಕೆ ಝಾಡಿಸಿದೆ. ಕೊಡ ಮಗ್ಗುಲಾಯಿತು. ಗುಳುಗುಳು ಎಂದು ನೀರು ನುಗ್ಗುವ ಸದ್ದು ಬಾವಿಯ ಗೋಡೆಗಳಲ್ಲೆಲ್ಲ ತುಂಬಿತು. ಎಳೆದೆ. ಭಾರ ಮರಳಿನದಷ್ಟೇ ಇತ್ತು.

ಆಫೀಸರು ಬೊಗಸೆಯೊಡ್ಡಿ ಆ ನೀರು ಕುಡಿದ. ನನಗೂ ಕುಡಿ ಎಂದ. ಕುಡಿದೆ. ಅದು ಅಷ್ಟು ಸಿಹಿ ಎಂದು ಗೊತ್ತಿರಲಿಲ್ಲ. ಖುಷಿಯಾಗಬೇಕಿತ್ತು, ಆದರೆ ನನಗೆ ಕೆಟ್ಟ ಸಿಟ್ಟು ಬಂತು. ನೂರು ಹೆಜ್ಜೆ ದೂರದಲ್ಲಿ ಇದು ಇದ್ದಾಗ ನನ್ನ ಮಕ್ಕಳು ಸವಳು ಕುಡಿದು ಹೊಟ್ಟೆ ಹಿಡಿದುಕೊಂಡು ಅತ್ತಿದ್ದವು.

ಆಫೀಸರು ಕಿತ್ತುಹೋದ ನನ್ನ ಅಂಗೈಯನ್ನು ನೋಡಿದ, ಕೊಟ್ರಮ್ಮನನ್ನು ನೋಡಿದ.

‘ರೋಜೂ ತೋಡೇದಾನಿವೇ, ಬಿಂದೆ ಮುಂಚಡಂ ತೆಲೀದಾ?’ ದಿನಾ ಸೇದುವವಳಿಗೆ ಕೊಡ ಮುಳುಗಿಸುವುದು ಗೊತ್ತಿಲ್ಲವೇ ಎಂದು ಕೇಳಿದ.

ಇದು ಮೇಷ್ಟ್ರು ಹೇಳಿಕೊಟ್ಟ ಪ್ರಶ್ನೆಗಳಲ್ಲಿ ಇರಲಿಲ್ಲ. ಹೆದರಿ, ನನಗೆ ಗೊತ್ತಿದ್ದ ಉತ್ತರಗಳನ್ನೇ ಒಂದರ ಹಿಂದೊಂದು ಹೇಳಿಬಿಟ್ಟೆ.

‘ದಿನಾ ಇಲ್ಲೇ ಸೇದತೀನಿ ಸ್ವಾಮಿ. ಯಾರೂ ಅಡ್ಡ ಬರಲ್ಲ ಸ್ವಾಮಿ. ಎಲ್ಲಾರೂ ಅಣ್ಣತಮ್ಮರಂಗ ಅದೀವಿ ಸ್ವಾಮಿ.’

ಆಫೀಸರು ಚಂದ್ರಣ್ಣನ ಕಡೆ ತಿರುಗಿ, ‘ಮುನಸೀಬುಗಾರೂ, ನಾಟಕಂ ಬಾಗುಂದಿ,’ ಎಂದ. ನಾಟಕ ಚೆನ್ನಾಗಿದೆ ಎಂದು. ಡೈರಿಯಲ್ಲಿ ತುಂಬ ಹೊತ್ತು ಬರೆದ. ಹೋಗುವಾಗ ಜೀಪಿನಿಂದ ತಲೆ ಹೊರಗೆ ಹಾಕಿ, ‘ಭಯಪಡಕಮ್ಮಾ, ಪದಿ ರೋಜುಲ್ಲೋ ಮಳ್ಳೀ ವಸ್ತಾನು,’ ಎಂದ. ಹೆದರಬೇಡ, ಹತ್ತು ದಿನದಲ್ಲಿ ಮತ್ತೆ ಬರುತ್ತೇನೆ ಎಂದವನು ಧೂಳೆಬ್ಬಿಸಿಕೊಂಡು ಆಲೂರಿನ ದಾರಿ ಹಿಡಿದ. ಪಟ ಮಾತ್ರ ಗೋಡೆಯ ಮೇಲೆ ಉಳಿಯಿತು.

ಮೊದಲ ಏಟು ಬಿದ್ದದ್ದು ಕೊಟ್ರಮ್ಮನಿಗೆ. ಬಾಗಿಲು ಹಾಕಿಕೊಂಡರೂ ಸದ್ದು ಬೀದಿಗೆ ಕೇಳಿತು. ಆಮೇಲೆ ಚಂದ್ರಣ್ಣ ಕೇರಿಯ ಬಾಯಿಗೆ ಬಂದ. ಜಂಬಯ್ಯ ಆ ಹಗ್ಗವನ್ನು ಕೋಲಿನ ತುದಿಯಲ್ಲಿ ಎತ್ತಿಕೊಂಡು ಬಂದು ನಮ್ಮ ಗುಡಿಸಲ ಮುಂದೆ ಹಾಕಿ ಬೆಂಕಿ ಇಟ್ಟ. ನಾನುಟ್ಟಿದ್ದ ಕೊಟ್ರಮ್ಮನ ಸೀರೆಯನ್ನೂ ಚಂದ್ರಣ್ಣ ಬಿಚ್ಚಿಸಿ ಅದರ ಮೇಲೆ ಹಾಕಿಸಿದ. ನಾನು ಅತ್ತೆಯ ಹರಕು ಕೌದಿ ಸುತ್ತಿಕೊಂಡು ನಿಂತೆ.

‘ನೀವು ಹೇಳಿಕೊಟ್ಟಂಗ ಹೇಳೀನಿ ಧಣಿ,’ ಎಂದೆ. ‘ಒಂದು ಮಾತು ತಪ್ಪಿಲ್ಲ. ಮೇಷ್ಟ್ರನ ಕೇಳ್ರಿ.’

‘ನಿನ್ನ ಬಾಯಿ ಸುಡ್ಲಿ, ರಂಡಿ! ಬಾಯಿ ಸುಮ್ಮನಿದ್ದರೇನು, ನಿನ್ನ ಕೈ ಹೇಳಿಬಿಡ್ತಲ್ಲಲೇ!’

ಮರುದಿನ ಹೊಲದ ದಾರಿ ಮುಚ್ಚಿತ್ತು. ಆಳೆತ್ತರ ಜಾಲಿಮುಳ್ಳು, ಅದರ ಪಕ್ಕ ಕೋಲು ಹಿಡಿದ ಜಂಬಯ್ಯ. ಮೊದಲ ದಿನ ಮಡಕೆಯ ತಳದ ನೀರಲ್ಲಿ ಕಳೆದೆವು. ಎರಡನೆಯ ದಿನ ಕೇರಿಯ ಮಾರೆಪ್ಪನ ಮನೆಯವರು ಗುಡ್ಡ ಸುತ್ತಿ ಎರಡು ಹರದಾರಿ ನಡೆದು ಹಳ್ಳಕ್ಕೆ ಹೋದರು. ಬರುವಾಗ ಜಂಬಯ್ಯ ಅಡ್ಡಗಟ್ಟಿ ಮಡಕೆ ಒಡೆದ. ಮೂರನೆಯ ದಿನ ಬೆಳಗ್ಗೆ ಕೂಸುಗಳು ಅಳುವುದನ್ನೂ ಬಿಟ್ಟವು. ಅಳುವಾಗ ಹೆದರಿಕೆಯಿತ್ತು. ಅಳು ನಿಂತ ಮೇಲೆ ಆದ ಹೆದರಿಕೆಗೆ ನನ್ನಲ್ಲಿ ಹೆಸರಿಲ್ಲ.

ಚಂದ್ರಣ್ಣನನ್ನು ಬೈಯುವ ಧೈರ್ಯ ಯಾರಿಗೂ ಇರಲಿಲ್ಲ. ನನ್ನನ್ನು ಬೈಯಲು ಧೈರ್ಯ ಬೇಕಿರಲಿಲ್ಲ.

‘ಒಂದು ಕೊಡ ಮುಳುಗಸಾಕ ಬರಲಿಲ್ಲಲ್ಲಲೇ ನಿನಗ!’ ಎಂದ ಮಾರೆಪ್ಪ. ‘ಹೋಗು, ಹೋಗಿ ಧಣಿ ಕಾಲಿಗೆ ಬೀಳು. ಮುಳ್ಳು ತಗಸು.’

‘ಬೀಳು ಹೋಗೇ,’ ಎಂದಳು ನಮ್ಮತ್ತೆ ಕೂಡ. ‘ನೆಲ ನೆಕ್ಕು ಅಂದರ ನೆಕ್ಕು. ಈ ಕೂಸಿನ ತುಟಿ ನೋಡಿಲ್ಲಿ.’

‘ಹತ್ತು ದಿನಕ್ಕ ಆಫೀಸರು ಬರತೀನಿ ಅಂದಾರ,’ ಎಂದೆ.

‘ಹತ್ತು ದಿನಕ್ಕ ಹೆಣ ಎಣಸಾಕ ಬರತಾನೇನು?’ ಎಂದ ಮಾರೆಪ್ಪ. ಅವನು ಹೇಳಿದ್ದು ಸುಳ್ಳಾಗಿರಲಿಲ್ಲ.

ಬಸವಕ್ಕ ಮಾತ್ರ ಬೈಯಲಿಲ್ಲ. ‘ಬಣ್ಣ ಹೆಂಗಿತ್ತೇ?’ ಎಂದು ಕೇಳಿದಳು. ಆವತ್ತಿನಿಂದ ಅವಳಿಗೆ ಹೇಳುವುದನ್ನೇ ಮರೆತಿದ್ದೆ. ‘ಬಣ್ಣ ಇಲ್ಲಬೇ. ಮಾರಿ ಕಾಣತೈತಿ ಅದರಾಗ,’ ಎಂದೆ.

ಕಾಲಿಗೆ ಬೀಳಲು ಹೋಗುವುದೆಂದು ಎದ್ದೆ. ನೀರು ಕೊಟ್ಟರೆ ತರಲಿಕ್ಕೆ ಒಂದು ಮಡಕೆ ಇರಲಿ ಎಂದು ಕಂಕುಳಿಗೆ ಇಟ್ಟುಕೊಂಡೆ. ಸುಂಕಣ್ಣ ಮೂಲೆಯಲ್ಲಿ ಕೂತು ಮಿಣಿಗೆ ಎಣ್ಣೆ ಹಚ್ಚುತ್ತಿದ್ದ. ಸತ್ತ ಎತ್ತಿನ ತೊಗಲು ಸೀಳಿ ಹೊಸೆದ ಹಗ್ಗ ಅದು, ಧಣಿಯ ಕಪಿಲೆಗೆಂದು ಮಾಡಿದ್ದು. ಆ ತೊಗಲ ಹಗ್ಗದಲ್ಲಿ, ತೊಗಲ ಬಾನಿಯಲ್ಲಿ ಎತ್ತಿದ ನೀರು ಧಣಿಯ ಮೆಣಸಿನ ತೋಟಕ್ಕೆ ಹರಿಯುತ್ತದೆ. ಅದಕ್ಕೆ ಯಾವ ಮೈಲಿಗೆಯೂ ಇಲ್ಲ.

‘ಎಷ್ಟು ಮಾರು ಅಂದಿ ಆ ಬಾವಿ?’ ಎಂದು ಕೇಳಿದ.

‘ಏಳು.’

‘ಇದು ಎಂಟು ಮಾರು ಐತಿ,’ ಎಂದ.

ಅಷ್ಟು ಹೇಳಿ ಮಿಣಿಯನ್ನು ಸುತ್ತಿ ನನ್ನ ಕಾಲ ಹತ್ತಿರ ಇಟ್ಟು ಗೋಡೆಯ ಕಡೆ ಮುಖ ತಿರುಗಿಸಿ ಕೂತ. ನಾನು ಮಿಣಿ ಎತ್ತಿ ಸೆರಗಿನ ಒಳಗೆ ಹಾಕಿಕೊಂಡೆ.

ಕೇರಿಯವರೆಲ್ಲ ಹೊರಗೆ ಬಂದು ನೋಡುತ್ತಿದ್ದರು, ಬೀಳಲು ಹೊರಟಳು ಎಂದು. ನೆಟ್ಟ ಕಲ್ಲಿನ ಹತ್ತಿರ ಮತ್ತೆ ಕಾಲು ನಿಂತಿತು. ಈ ಸಲ ತಿವಿಯಲು ಜಂಬಯ್ಯ ಇರಲಿಲ್ಲ. ಕಲ್ಲನ್ನು ಒಂದು ಕೈಯಿಂದ ಹಿಡಿದುಕೊಂಡು, ತೊರೆ ದಾಟುವವರ ಹಾಗೆ, ಮೊದಲು ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಆಚೆ ಇಟ್ಟೆ.

ಚಂದ್ರಣ್ಣ ತನ್ನ ಮನೆಯ ಕಟ್ಟೆಯ ಮೇಲೆ ಕೂತಿದ್ದ. ನನ್ನನ್ನು ನೋಡಿ ನಕ್ಕ.

‘ಬಾ, ಬಾ. ಬಂತೇನಲೇ ಬುದ್ಧಿ? ಮೂರು ದಿನ ಬೇಕಾತು ನೋಡು.’ ಬೀಳಲು ಅನುಕೂಲವಾಗಲಿ ಎಂದು ಕಾಲು ಮುಂದಕ್ಕೆ ಚಾಚಿದ.

ಆ ಕಾಲುಗಳನ್ನು ನೋಡಿದೆ. ಬಗ್ಗಬೇಕು ಎಂದುಕೊಂಡೆ, ನಿಜವಾಗಿ ಬಗ್ಗಬೇಕು ಎಂದೇ ಇತ್ತು ಮನಸ್ಸಿನಲ್ಲಿ. ಮೊಣಕಾಲು ಬಗ್ಗಲಿಲ್ಲ. ಹಾಗೆಯೇ ಮುಂದಕ್ಕೆ ನಡೆದೆ.

ಬಾವಿಯ ಹತ್ತಿರ ಇದ್ದ ಇಬ್ಬರು ಹೆಂಗಸರು ಕೊಡ ಬಿಟ್ಟು ಚೀರಿಕೊಂಡು ಓಡಿದರು. ಕಟ್ಟೆ ಹತ್ತಿ, ಮಡಕೆಯ ಕೊರಳಿಗೆ ಮಿಣಿ ಬಿಗಿದು ಗಡಗಡೆಯ ಮೇಲೆ ಹಾಕಿ ಬಿಟ್ಟೆ. ಕೆಳಗೆ ಟಪ್ ಎಂದಿತು. ಪಕ್ಕಕ್ಕೆ ಝಾಡಿಸಿದೆ. ಮೊದಲ ಸಲ ಆಗಲಿಲ್ಲ. ಮಡಕೆ ಗೋಡೆಗೆ ತಾಗಿ ಒಡೆದೀತು ಎಂದು ಉಸಿರು ಹಿಡಿದು ಮತ್ತೊಮ್ಮೆ ಝಾಡಿಸಿ ಸಡಿಲ ಬಿಟ್ಟೆ. ಗುಳುಗುಳು ಎಂದಿತು.

ತನ್ನ ಮನೆ ಮೆಟ್ಟಿಲ ಮೇಲೆ ಕೊಟ್ರಮ್ಮ ಬಂದು ನಿಂತಿದ್ದಳು, ಒಂದು ಕಣ್ಣು ಊದಿಕೊಂಡು ಮುಚ್ಚಿತ್ತು. ಬೀದಿಯ ಆ ತುದಿಯಲ್ಲಿ, ನೆಟ್ಟ ಕಲ್ಲಿನ ಈಚೆಗೂ ಅಲ್ಲದೆ ಆಚೆಗೂ ಅಲ್ಲದೆ, ಬಸವಕ್ಕ ಮಡಕೆ ಹಿಡಿದು ನಿಂತಿದ್ದಳು. ಅವಳ ಹಿಂದೆ ಯಾರಾದರೂ ಇದ್ದರೋ ಇಲ್ಲವೋ ನನಗೆ ಕಾಣಲಿಲ್ಲ.

ಬೆನ್ನ ಹಿಂದೆ ಚಪ್ಪಲಿ ಕಿರ್ ಎನ್ನುತ್ತ ಹತ್ತಿರ ಬರುತ್ತಿದ್ದವು. ಅವನ್ನು ಹೊಲಿದವನು ನನ್ನ ಗಂಡ, ಆ ಸದ್ದು ನನಗೆ ಗೊತ್ತು. ಅದರ ಜತೆ ಇನ್ನೂ ಮೂರ್ನಾಲ್ಕು ಜನರ ಹೆಜ್ಜೆಗಳಿದ್ದವು.

‘ಏನು ಮಾಡಾಕ ಹತ್ತೀಯಲೇ ಅಲ್ಲಿ?’ ಎಂದು ಚಂದ್ರಣ್ಣ ಅರಚಿದ.

ಕಿತ್ತ ಅಂಗೈಗೆ ಮಿಣಿಯ ಎಣ್ಣೆ ತಾಗಿ ಉರಿಯುತ್ತಿತ್ತು. ತಿರುಗಿ ನೋಡಲಿಲ್ಲ. ಒಂದೊಂದೇ ಕೈ ಹಾಕಿ ಎಳೆಯುತ್ತ, ಮೇಷ್ಟ್ರು ಕಲಿಸಿದ್ದನ್ನು ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.

‘ಹೌದು ಸ್ವಾಮಿ. ದಿನಾ ಇಲ್ಲೇ ಸೇದತೀನಿ.’